ಕೋದಂಡಪ್ಪನ ಬಂಪರು ಕಪ್ಪಾದದ್ದು

ಕೋದಂಡಪ್ಪನ ಕಾರಿನ ಬಂಪರು ಬೂದಿ ಬಣ್ಣಕ್ಕೆ ತಿರುಗಿದ್ದರಲ್ಲಿ ಯಾರ ತಪ್ಪೂ ಇರಲಿಲ್ಲ. ಇದ್ದರೆ ಅದು ಸೂರ್ಯನದು. ಅವನ ಮೇಲೆ ದೂರು ತೆಗೆದುಕೊಳ್ಳುವ ಠಾಣೆ ನಮ್ಮ ಗಣಿಯೂರು ಊರಿಗಾಂನಲ್ಲಿ ಇಲ್ಲ.

ಕಾರು ಕೆಂಪು, ಚಿಕ್ಕದು, ಮೂರು ಜನ ಓಡಿಸಿ ಸಾಕೆನಿಸಿ ಬಿಟ್ಟದ್ದು. ಮುಂದಿನ ಬಂಪರು, ಹಿಂದಿನ ಬಂಪರು, ಬಾಗಿಲಿನುದ್ದಕ್ಕೂ ಬರುವ ಪಟ್ಟಿ, ಇಷ್ಟೂ ಪ್ಲಾಸ್ಟಿಕ್ಕು. ಹುಟ್ಟುವಾಗ ಕಪ್ಪು. ಆದರೆ ನಮ್ಮ ಲೈನಿನಲ್ಲಿ ಕಾರಿಗೆ ನೆರಳಿಲ್ಲ. ಕಂಪನಿಯವರು ಗಣಿ ಕೂಲಿಗಳಿಗೆ ಸಾಲುಮನೆ ಕಟ್ಟಿಸಿದ ಕಾಲದಲ್ಲಿ, ಇಲ್ಲಿ ಒಬ್ಬನಿಗೆ ಮುಂದೊಂದು ದಿನ ಕಾರು ಬರುತ್ತದೆ ಎಂದು ಯಾರೂ ಎಣಿಸಿರಲಿಲ್ಲ. ಹಾಗಾಗಿ ಅದು ಏಳು ವರ್ಷ ಬಿಸಿಲಲ್ಲೇ ನಿಂತಿತು. ಪ್ಲಾಸ್ಟಿಕ್ಕು ಮೊದಲು ಮಂಕಾಯಿತು, ಆಮೇಲೆ ಬಿಳಿಚಿತು, ಕೊನೆಗೆ ಲೈನಿನ ಹಿಂದಿರುವ ಸಯನೈಡ್ ಗುಡ್ಡದ ಬಣ್ಣಕ್ಕೇ ಬಂದು ನಿಂತಿತು. ಚಿನ್ನ ತೆಗೆದು ಮಿಕ್ಕಿದ ಕಲ್ಲಿನ ಹುಡಿಯನ್ನು ನೂರು ವರ್ಷ ಸುರಿದು ಆದ ಗುಡ್ಡ ಅದು. ಗಾಳಿ ಎದ್ದಾಗ ನಾವು ಅದರ ಹತ್ತಿರ ಹೋಗಬೇಕಾಗಿಲ್ಲ, ಅದೇ ನಮ್ಮ ಮನೆಗಳಿಗೆ ಬರುತ್ತದೆ.

ಬಂಪರಿನ ಬಗ್ಗೆ ಕೋದಂಡಪ್ಪನಿಗೆ ತನ್ನ ಪಾಲಿನ ಚಿಂತೆ ಏನೂ ಇರಲಿಲ್ಲ. ಚಿಂತೆ ಇದ್ದದ್ದು ಸೆಲ್ವರಾಜನ ಬಗ್ಗೆ.

ನನ್ನ ಮನೆಯ ಈ ಪಕ್ಕ ಕೋದಂಡಪ್ಪ, ಆ ಪಕ್ಕ ಸೆಲ್ವರಾಜ್. ಸೆಲ್ವರಾಜ್ ಮೊದಲ ಹನ್ನೆರಡು ವರ್ಷ ಗಣಿಯೊಳಗೆ ಕಲ್ಲು ಕೊರೆದ. ಆಮೇಲೆ ಬಡ್ತಿ ಸಿಕ್ಕಿ ವೈಂಡಿಂಗ್ ಡ್ರೈವರ್ ಆದ. ಅಂದರೆ ಜನ ತುಂಬಿದ ಕೇಜನ್ನು ಉಕ್ಕಿನ ಹಗ್ಗದಲ್ಲಿ ಪಾತಾಳಕ್ಕೆ ಇಳಿಸುವವನು, ಮೇಲೆ ಎತ್ತುವವನು. ಆ ಹಗ್ಗಕ್ಕೆ ಗ್ರೀಸು ಬಳಿಯುತ್ತಿದ್ದವನು ಕೋದಂಡಪ್ಪ. ನಾನು ಬಿಲ್ಲೆ ಕಿಟಕಿಯಲ್ಲಿ ಕೂರುತ್ತಿದ್ದೆ. ಕೆಲಸಕ್ಕೆ ಬಂದವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಪಾಳಿ ಮುಗಿಸಿ ವಾಪಸು ಕೊಡಬೇಕು. ಬಿಲ್ಲೆ ಬರದಿದ್ದರೆ ಮನುಷ್ಯ ಇನ್ನೂ ಒಳಗಿದ್ದಾನೆ ಎಂದು ಅರ್ಥ. ನನಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಸಾವಿರದ ನೂರು ಜನರ ನಂಬರು ಬಾಯಲ್ಲಿತ್ತು. ಇವತ್ತಿಗೂ ಇದೆ. ಅದರಿಂದ ಉಪಯೋಗವೇನು ಎಂದು ಕೇಳಬೇಡಿ.

ಗಣಿ ಮುಚ್ಚಿ ಇಪ್ಪತ್ತೈದು ವರ್ಷವಾಯಿತು. ಸೆಲ್ವರಾಜನ ಪುಪ್ಪುಸದಲ್ಲಿ ಕಲ್ಲಿನ ಹುಡಿ ಕೂತಿದೆ. ಆ ಗುಡ್ಡದ ದೂಳಿನ ಪಕ್ಕದಲ್ಲಿದ್ದರೆ ಇನ್ನೊಂದು ಬೇಸಿಗೆ ಕಾಣುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಬಂಗಾರಪೇಟೆಯಲ್ಲಿರುವ ಮಗಳು ರಾಧಾಮಣಿ ಒಂದು ಕೋಣೆ ಬಿಡಿಸಿ, ಸುಣ್ಣ ಬಳಿಸಿ, ಕಾದು ಕೂತಿದ್ದಳು. ಇವನು ಹೋಗಲೊಲ್ಲ.

"ಗಣಿ ಮತ್ತೆ ತೆಗೆದ್ರೆ ವೈಂಡರ್ ಓಡ್ಸೋಕೆ ಯಾರವ್ರೆ? ನೀನ್ ಓಡಿಸ್ತೀಯಾ?" ಎಂದು ನನ್ನನ್ನೇ ಕೇಳುತ್ತಿದ್ದ. ಕೇಳಿ ಕಾಲು ಗಂಟೆ ಕೆಮ್ಮುತ್ತಿದ್ದ.

ಒಂದು ಸಲ ಹೊರಡಿಸಿದೆವು. ಟ್ರಂಕಿನ ಮೇಲೆ ಕೂತವನು ಅಮಾವಾಸ್ಯೆ ಹತ್ತಿರ ಬಂತು ಎಂದು ಎದ್ದ. ಎರಡನೆಯ ಸಲ ಕೋದಂಡಪ್ಪನ ಕಾರಿನಲ್ಲಿ ಬಂಗಾರಪೇಟೆಯ ತನಕ ಹೋದೆವು. ರಾಧಾಮಣಿಯ ಮಾವ ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಬಿಳಿ ಪಂಚೆಯವರು. ಗೇಟಿನಲ್ಲಿ ನಿಂತು ಕಾರನ್ನು ಮುಂದಿನಿಂದ ಹಿಂದಕ್ಕೆ ನೋಡಿದರು.

"ಸಿಮೆಂಟ್ ಲೋಡ್ ಹೊಡೀತೀರಾ ಈ ಗಾಡೀಲಿ?" ಎಂದರು.

ಸೆಲ್ವರಾಜನಿಗೆ ಅಷ್ಟೇ ಸಾಕಾಯಿತು. "ನಮ್ಮ ಕೋದಂಡನ ಗಾಡಿಗೆ ಮರ್ಯಾದೆ ಇಲ್ದಿರೋ ಮನೇಲಿ ನಾನು ನೀರೂ ಕುಡಿಯಲ್ಲ," ಎಂದು ಅದೇ ಕಾರಿನಲ್ಲಿ ವಾಪಸು ಬಂದ. ಆ ಹೊತ್ತಿಗೆ ಅವನು ಎರಡು ಲೋಟ ನೀರು, ಒಂದು ಲೋಟ ಕಾಫಿ ಕುಡಿದಾಗಿತ್ತು.

"ಮುನಿರಾಜಣ್ಣ, ಈ ಬಂಪರ್ ಒಂದ್ ಕಪ್ಪಾಗ್ಲಿ," ಎಂದ ಕೋದಂಡಪ್ಪ ನನ್ನ ಹತ್ತಿರ. "ಆಮ್ಯಾಕೆ ಅವ್ನು ಯಾವ ನೆಪ ಏಳ್ತಾನೋ ನಾನೂ ನೋಡ್ತೀನಿ."

ಹೀಗೆ ಒಬ್ಬ ಮನುಷ್ಯನ ಉಸಿರು ಒಂದು ಬಂಪರಿನ ಬಣ್ಣಕ್ಕೆ ತಗಲಿಕೊಂಡಿತು.

ಕೋದಂಡಪ್ಪ ಮೊದಲು ಕೊಬ್ಬರಿ ಎಣ್ಣೆ ಹಚ್ಚಿದ. ಒಂದು ಗಂಟೆ ಮಿಂಚಿತು. ಸಂಜೆ ಗಾಳಿ ಎದ್ದು, ಗುಡ್ಡದ ಹುಡಿಯೆಲ್ಲ ಬಂದು ಎಣ್ಣೆಯ ಮೇಲೆ ಕೂತು, ಬೆಳಗಾಗುವಷ್ಟರಲ್ಲಿ ಬಂಪರು ಉಪ್ಪಿನಲ್ಲಿ ಹೊರಳಿಸಿದ ಒಣಮೀನಿನ ಹಾಗಾಗಿತ್ತು. ಬಂಗಾರಪೇಟೆಯ ಅಂಗಡಿಯಿಂದ ಒಂದು ಸೀಸೆ ಪಾಲಿಶು ತಂದ. ಅದು ಒಂದು ಮಂಜಿಗೆ ಇಳಿದುಹೋಯಿತು. ಆಮೇಲೆ ಫೋನಿನ ವಿಡಿಯೋದಲ್ಲಿ ಬಿಳಿಯನೊಬ್ಬ ಕಡಲೆಕಾಯಿ ಅರೆದದ್ದನ್ನು ಬಂಪರಿಗೆ ತಿಕ್ಕಿ ಕಪ್ಪು ಮಾಡುವುದನ್ನು ನೋಡಿದ. ಮನೆಯಲ್ಲಿ ಅರೆದ ಕಡಲೆಕಾಯಿ ಇತ್ತು, ಅದು ಹೆಂಡತಿ ಕದಿರಮ್ಮ ಮುದ್ದೆಗೆ ಮಾಡಿಟ್ಟ ಚಟ್ನಿ. ಅದರಲ್ಲಿ ಎಂಟು ಒಣಮೆಣಸಿನಕಾಯಿ ಇರುವುದನ್ನು ಅವನು ದೊಡ್ಡದಾಗಿ ಎಣಿಸಲಿಲ್ಲ. ಹಿಂದಿನ ಸಾಲಿನ ಚಿಕ್ಕವೆಂಕಟಮ್ಮನ ಮೇಕೆ ಬಂದು ಬಂಪರು ನೆಕ್ಕಿತು. ನೆಕ್ಕಿ ಕೂಗಿಕೊಂಡು ಓಡಿದ್ದು ರೈಲ್ವೆ ಗೇಟಿನ ಹತ್ತಿರ ಸಿಕ್ಕಿತು. ಆಮೇಲೆ ಅದು ಕೆಂಪು ಬಣ್ಣದ ಯಾವ ಗಾಡಿ ಕಂಡರೂ ರಸ್ತೆ ದಾಟಿ ಆ ಕಡೆಗೆ ಹೋಗುತ್ತಿತ್ತು.

ಅದೇ ಫೋನಿನಲ್ಲಿ ಇನ್ನೊಬ್ಬ, ಕಾವು ಕೊಟ್ಟರೆ ಪ್ಲಾಸ್ಟಿಕ್ಕಿನೊಳಗಿನ ಜಿಡ್ಡು ಮೇಲಕ್ಕೆ ಬಂದು ಬಣ್ಣ ತಿರುಗುತ್ತದೆ ಎಂದ. ಕೋದಂಡಪ್ಪ ಬೆಸುಗೆ ಹಾಕುವವನ ಹತ್ತಿರ ಬೆಂಕಿಯುಗುಳುವ ದೀಪ ಎರವಲು ತಂದು ಹಿಡಿದ. ಬಣ್ಣ ತಿರುಗಿದ್ದು ನಿಜ, ಅಂಗೈಯಗಲ ಕಪ್ಪಾಯಿತು. ಜೊತೆಗೆ ಬಂಪರಿನ ಎಡಗಡೆಯ ಮೂಲೆ ಕರಗಿ ಕೆಳಗೆ ಜೋಲುಬಿತ್ತು.

"ಲಕ್ವ ಒಡ್ದಿರೋದು ಕಾರ್ಗಾ ನಿಂಗಾ ಅಂತ ಕೇಳ್ತಾವ್ರೆ ಜನ," ಎಂದಳು ಕದಿರಮ್ಮ. "ನಾನು ಇಬ್ರಿಗೂ ಅಂದಿವ್ನಿ."

ಅಷ್ಟರಲ್ಲಿ ರಾಧಾಮಣಿ ಭಾನುವಾರಕ್ಕೆ ದಿನ ಗೊತ್ತು ಮಾಡಿದಳು. ಇದು ಮೂರನೆಯ ಸಲ. ಸೆಲ್ವರಾಜ್ ಹೂಂ ಎಂದಿದ್ದ. ಅವನ ಹೂಂ ಎಷ್ಟು ಗಟ್ಟಿ ಎಂದು ನಮಗೆ ಗೊತ್ತಿತ್ತು. ಶನಿವಾರ ಮಧ್ಯಾಹ್ನ ಕೋದಂಡಪ್ಪ ಹಿತ್ತಲಿನ ಅಟ್ಟದಿಂದ ಒಂದು ತಗಡಿನ ಡಬ್ಬ ಇಳಿಸಿದ.

ಗಣಿ ಮುಚ್ಚಿದ ಕೊನೆಯ ದಿನ ಎಲ್ಲರೂ ಏನಾದರೊಂದು ಮನೆಗೆ ತಂದರು. ಒಬ್ಬ ಬೀಗ ತಂದ, ಬೀಗದ ಕೈ ಇನ್ನೊಬ್ಬನ ಪಾಲಾಯಿತು. ಕೋದಂಡಪ್ಪ ಹಗ್ಗದ ಗ್ರೀಸು ತಂದ. ನಾನು ತಂದದ್ದು ನಂಬರುಗಳನ್ನು. ಅವು ತಲೆಯಲ್ಲಿದ್ದವು, ಗೇಟಿನಲ್ಲಿ ಯಾರೂ ತಡವಿ ನೋಡಲಿಲ್ಲ.

"ಅಷ್ಟುದ್ದದ ಅಗ್ಗಾನೇ ಬಿಸ್ಲಿಗೂ ಮಳೆಗೂ ಕಾಪಾಡಿದ ಗ್ರೀಸು," ಎಂದು ಗೋಡೆಯಾಚೆಯಿಂದ ನನಗೆ ಕೇಳುವಂತೆ ಹೇಳಿಕೊಂಡ. "ಈ ಪ್ಲಾಸ್ಟಿಕ್ ಯಾವ ಮೂಲೆಗೆ."

ಆ ಗ್ರೀಸನ್ನು ಹಾಗೇ ಬಳಿಯಲಾಗದು. ಕಲ್ಲಿನ ಹಾಗೆ ಗಟ್ಟಿ. ಮೂರು ಕಲ್ಲು ಹೂಡಿ, ಸೌದೆ ಉರಿಸಿ, ಡಬ್ಬವನ್ನೇ ಕಾಯಿಸಬೇಕು. ಕಾಯಿಸಿದ. ಕರಗಿತು. ಹೊಗೆ ಎದ್ದಿತು. ಕುಂಚದಲ್ಲಿ ಬಳಿಯುತ್ತ ಹೋದ ಹಾಗೆ ಬಂಪರು ಕಪ್ಪಾಯಿತು ನೋಡಿ, ಅಂಥ ಕಪ್ಪನ್ನು ನಾನು ಗಣಿಯೊಳಗೆ ದೀಪ ಆರಿದಾಗ ಮಾತ್ರ ನೋಡಿದ್ದು. ಜೋಲುಬಿದ್ದ ಮೂಲೆ ಕೂಡ ಬೇಕೆಂದೇ ಹಾಗೆ ಮಾಡಿಸಿದಂತೆ ಕಾಣುತ್ತಿತ್ತು.

ಆದರೆ ವಾಸನೆಯನ್ನು ಅವನು ಮರೆತಿದ್ದ.

ಆ ವಾಸನೆಯನ್ನು ಹೇಳಿ ತಿಳಿಸುವುದು ಕಷ್ಟ. ಡಾಂಬರಿಗೆ ಹರಳೆಣ್ಣೆ ಬೆರೆಸಿ ಸುಟ್ಟ ಹಾಗೆ. ಕೇಜಿನಲ್ಲಿ ನಿಂತವರ ಹೆಗಲ ಮೇಲೆ ಅದು ತೊಟ್ಟಿಕ್ಕುತ್ತಿತ್ತು, ಅಂಗಿಯಿಂದ ಹೋಗುತ್ತಿರಲಿಲ್ಲ. ಹಗ್ಗಕ್ಕೆ ಗ್ರೀಸು ಹಚ್ಚುತ್ತಿದ್ದದ್ದು ಶನಿವಾರ ಮಧ್ಯಾಹ್ನ. ಆ ವಾಸನೆ ಬಂತೆಂದರೆ ಸೋಮವಾರ ಬೆಳಿಗ್ಗೆ ಕೇಜು ಇಳಿಯುತ್ತದೆ ಎಂದು ಲೈನಿನ ಹಸುಗೂಸಿಗೂ ಗೊತ್ತಿತ್ತು. ಇಪ್ಪತ್ತೈದು ವರ್ಷದ ಮೇಲೆ ಒಂದು ಶನಿವಾರ ಮಧ್ಯಾಹ್ನ ಆ ವಾಸನೆ ಲೈನಿನ ಮೇಲೆ ಹರಡಿತು.

ಮೊದಲು ಬಂದವಳು ಚಿಕ್ಕವೆಂಕಟಮ್ಮ. ಕೈಯಲ್ಲಿ ಮುದ್ದೆ ಕೋಲು.

"ಮುನಿರಾಜಣ್ಣಾ, ಅದೇ ಅಲ್ವಾ?"

"ಯಾವ್ದಮ್ಮಾ?"

"ಅವ್ರ ಅಂಗಿ ವಾಸ್ನೆ."

ಅವಳ ಗಂಡ ಒಳಗೆ ಕಲ್ಲು ಕುಸಿದು ಹೋದವನು. ಎಂಟುನೂರ ನಲವತ್ತು. ಬಿಲ್ಲೆ ವಾಪಸು ಬಂದಿಲ್ಲ. ನಾನು ಅದೇ ಇರಬಹುದು ಎಂದೆ. ಅದೇ ಹೌದಲ್ಲ, ಸುಳ್ಳೇನು ಹೇಳಿದೆ.

ಅರ್ಧ ಗಂಟೆಯೊಳಗೆ ನಲವತ್ತು ಜನ ಹೊರಗೆ ನಿಂತಿದ್ದರು. ಎಲ್ಲರ ಮುಖವೂ ಮೂಗು ಮೇಲೆತ್ತಿಕೊಂಡು, ಕೇಜು ಇಳಿಯುತ್ತಿದ್ದ ಗಣಿ ಬಾವಿಯ ಕಡೆಗೆ, ಅಲ್ಲಿ ತುಕ್ಕು ಹಿಡಿದು ನಿಂತಿರುವ ರಾಟೆಯ ಗೋಪುರದ ಕಡೆಗೆ. ಕೋದಂಡಪ್ಪನ ಹಿತ್ತಲಿನ ಕಡೆಗೆ ಯಾರೂ ತಿರುಗಲಿಲ್ಲ. "ಕಂಪ್ನಿ" ಎಂಬ ಮಾತು ಕಿವಿಗೆ ಬಿದ್ದದ್ದೇ ಅವನು ಡಬ್ಬದ ಮೇಲಿನ ಕಂಪನಿ ಮುದ್ರೆಯನ್ನು ನೋಡಿದ. ಒಲೆಗೆ ನೀರು ಸುರಿದ. ಕಾರಿನ ಮೇಲೆ ಟಾರ್ಪಾಲು ಎಳೆದ.

"ಕಾರ್ ಯಾಕಯ್ಯಾ ಒದ್ಕೊಂಡೈತೆ?" ಎಂದು ಒಬ್ಬ ಕೇಳಿದ.

"ಬಿಸ್ಲು ಅಲ್ವಾ," ಎಂದ ಕೋದಂಡಪ್ಪ, ಏಳು ವರ್ಷದ ಮೇಲೆ.

ಸಂಜೆಯ ಹೊತ್ತಿಗೆ ಗಣಿ ಮತ್ತೆ ತೆಗೆಯುತ್ತಾರೆ, ಹಗ್ಗಕ್ಕೆ ಗ್ರೀಸು ಹಚ್ಚಿದ ಎಂಜಿನಿಯರುಗಳು ಇಬ್ಬರು ಎಂದಾಯಿತು. ಮಾರಿಕುಪ್ಪಂ ರೈಲು ಬಂದು ಹೋದ ಮೇಲೆ ಆರು ಜನರಾದರು. ಅದರಲ್ಲಿ ಒಬ್ಬ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಾಲ್ಕು ಇಡ್ಲಿ ತಿಂದದ್ದನ್ನು ಕಂಡವರಿದ್ದರು, ಚಟ್ನಿ ಬೇಡವೆಂದನಂತೆ. ಸಕ್ಕರೆ ಕಾಯಿಲೆಯವರನ್ನು ತಗೊಳ್ಳುತ್ತಾರೋ ಇಲ್ಲವೋ ಎಂದು ಜಗಳವಾಯಿತು. ಮೊಣಕಾಲು ಮಡಚಲಾಗದ ಒಬ್ಬ ತಾನು ಕೇಜಿನಲ್ಲಿ ನಿಂತುಕೊಂಡೇ ಇರುತ್ತೇನೆ, ಕೂರುವ ಕೆಲಸವೇ ಇಲ್ಲ ಎಂದು ವಾದಿಸಿದ. ನನ್ನ ಬಾಗಿಲಿನ ಮುಂದೆ ಸಾಲು ನಿಂತಿತು.

"ಮುನಿರಾಜಣ್ಣ, ನನ್ ನಂಬರ್ ಎಷ್ಟು?"

"ಇನ್ನೂರ ಎಪ್ಪತ್ತಾರು."

"ನಂದು?"

"ಒಂಬೈನೂರ ಮೂರು. ಎಡಗಡೆ ಹಲಗೆ, ಮೇಲಿಂದ ನಾಲ್ಕನೇ ಮೊಳೆ."

ಕೇಳಿದ್ದನ್ನು ಹೇಳಿದೆ. ಕೇಳದ್ದನ್ನು ಹೇಳಲಿಲ್ಲ. ನಂಬರು ಸಿಕ್ಕಿದವನು ಬೆನ್ನು ನೆಟ್ಟಗೆ ಮಾಡಿಕೊಂಡು ಹೋಗುತ್ತಿದ್ದ. ಚಿಕ್ಕವೆಂಕಟಮ್ಮ ಕೊನೆಯಲ್ಲಿ ಬಂದಳು.

"ಅವ್ರ ನಂಬರು ಬ್ಯಾರೆಯೋರ್ಗೆ ಕೊಟ್ಬಿಡ್ತಾರಾ?"

"ಇಲ್ಲಮ್ಮ. ಬಿಲ್ಲೆ ವಾಪಸ್ ಬರೋಗಂಟ ಅದು ಅವನ್ದೇ."

ಅವಳಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ.

ಸೆಲ್ವರಾಜ್ ಮಾತ್ರ ನಂಬರು ಕೇಳಲು ಬರಲಿಲ್ಲ. ಅವನು ಜಗಲಿಯಲ್ಲಿ ಕೂತು ಹಳೆಯ ಖಾಕಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ಫೋನು ಕಿವಿಗೂ ಹೆಗಲಿಗೂ ನಡುವೆ.

"ರಾಧಾ, ನಾಳೆ ಬರೋಕಾಗಲ್ಲಮ್ಮಾ. ಇಲ್ಲ, ಉಡಂಬು ಚೆನ್ನಾಗೈತೆ. ಹಗ್ಗಕ್ಕೆ ಗ್ರೀಸ್ ಹಾಕ್ತಾವ್ರೆ. ಸೋಮವಾರ ನಂದು ಫಸ್ಟ್ ಶಿಫ್ಟು." ಮೈ ಚೆನ್ನಾಗಿದೆ ಎಂದವನು ಒಂದೊಂದು ಮಾತಿನ ನಡುವೆಯೂ ಕೆಮ್ಮುತ್ತಿದ್ದ. ಆ ಕಡೆಯಿಂದ ಮಗಳು ಅಳುವುದು ನನ್ನ ಬಾಗಿಲಿಗೆ ಕೇಳಿಸಿತು.

ಕೋದಂಡಪ್ಪ ಗೋಡೆಯ ಮೇಲೆ ಗಲ್ಲ ಇಟ್ಟುಕೊಂಡು ನಿಂತಿದ್ದ. ಕಿವಿಯ ತನಕ ಗ್ರೀಸು.

"ಮುನಿರಾಜಣ್ಣ, ನೀನೇ ಏಳ್ಬಿಡು ಅವ್ನಿಗೆ."

"ಬಳಿದೋನು ನೀನು."

"ಡಬ್ಬದ್ ಮ್ಯಾಲೆ ಮುದ್ರೆ ಐತೆ. ಈ ವಯಸ್ಸಾಗೆ ಕಳ್ತನದ ಕೇಸಾದ್ರೆ ನಾನೇನ್ ಮಾಡ್ಲಿ?" ಕಾರಿನ ಕಡೆಗೆ ತಿರುಗಿ ಹೇಳಿದ: "ಬಂಪರ್ ಮಾತ್ರ ಬೋ ಚೆನ್ನಾಗ್ ಬಂದೈತೆ."

ಭಾನುವಾರ ಬೆಳಿಗ್ಗೆ ಎಲ್ಲರೂ ಬಾವಿಯ ಗೇಟಿಗೆ ಹೋದರು. ಕ್ಷೌರ ಮಾಡಿಸಿಕೊಂಡವರು, ಬೂಟು ಸಿಗದೆ ಹವಾಯಿ ಚಪ್ಪಲಿಯಲ್ಲಿ ಬಂದವರು. ಗೇಟಿನಲ್ಲಿ ಕಾವಲಿಗಿದ್ದವನು ಗಿರಿ, ಗುತ್ತಿಗೆ ಕೆಲಸದವನು, ಇಪ್ಪತ್ತಾರು ವರ್ಷ. ಟೋಪಿ ಅವನ ಕಿವಿ ಮುಚ್ಚುತ್ತಿತ್ತು. ಗಣಿ ಮುಚ್ಚಿದಾಗ ಅವನು ತೊಟ್ಟಿಲಲ್ಲಿದ್ದ.

"ಇಲ್ಲಿ ಯಾರೂ ಬಂದಿಲ್ಲ. ಒಳ್ಗೆ ನೀರ್ ತುಂಬೈತೆ. ಅಗ್ಗಾನೇ ಇಲ್ಲ," ಎಂದ.

"ಅಗ್ಗ ಇಲ್ದೆ ವಾಸ್ನೆ ಎಂಗ್ ಬತ್ತದಲಾ?"

"ಯಾವ್ ವಾಸ್ನೆ?"

ನಲವತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ದೊಡ್ಡ ವಾಸನೆ ಗೊತ್ತಾಗದವನನ್ನು ಕಾವಲಿಗೆ ಇಟ್ಟಿದ್ದಾರಲ್ಲ ಎಂದು ಒಬ್ಬ ಬೇಸರಪಟ್ಟ. ಎಂಜಿನಿಯರುಗಳನ್ನು ಎಲ್ಲಿ ಬಚ್ಚಿಟ್ಟಿದ್ದೀಯ ಎಂದು ಇನ್ನೊಬ್ಬ ಜೋರು ಮಾಡಿದ. ತನ್ನ ಮೇಲೆ ಮಾತು ಬರುವುದು ಬೇಡವೆಂದು ಗಿರಿ ಗೇಟಿನ ದಾಖಲೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು, ವಾಸನೆ ಎಲ್ಲಿದೆ ತೋರಿಸಿ ಎಂದು ಹೊರಟ. ವಾಸನೆಯ ಜಾಡು ಹಿಡಿದು ನಡೆದರು. ಗೇಟಿನಿಂದ ದೂರ ಬಂದಷ್ಟೂ ವಾಸನೆ ಜಾಸ್ತಿಯಾಯಿತು. ಲೈನಿಗೆ ಬಂದಾಗ ಮಾತು ಕಡಿಮೆಯಾಯಿತು. ಜಾಡು ಕೋದಂಡಪ್ಪನ ಹಿತ್ತಲಿಗೆ ತಿರುಗಿತು.

ಗಿರಿ ಟಾರ್ಪಾಲು ಎತ್ತಿದ.

ಬಂಪರು ಬಿಸಿಲಿಗೆ ಥಳಥಳ ಹೊಳೆಯಿತು. ಕೋದಂಡಪ್ಪ ಪಕ್ಕದಲ್ಲೇ ನಿಂತಿದ್ದ, ಡಬ್ಬವನ್ನು ಎದೆಗೆ ಅವಚಿಕೊಂಡು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಜನ ದಾರಿ ಬಿಟ್ಟರು. ಸೆಲ್ವರಾಜ್ ಖಾಕಿ ಅಂಗಿಯಲ್ಲಿ ಮೆಲ್ಲಗೆ ಬಂದ. ವೈಂಡರಿನ ಬ್ರೇಕು ಹಿಡಿಯುತ್ತಿದ್ದ ಎಡಗೈಯನ್ನು ಬಂಪರಿನ ಮೇಲಿಟ್ಟ. ಎತ್ತಿ ಮೂಸಿದ.

"ಕಾಯ್ಸಿದ್ದು ಜಾಸ್ತಿ ಆಯ್ತು ಕೋದಂಡಾ," ಎಂದ. "ಹೊಗೆ ಬರೋ ಮುಂಚೆ ಇಳಿಸ್ಬೇಕು. ಎಷ್ಟ್ ಸಲ ಹೇಳಿದೀನಿ ನಿಂಗೆ."

"ನಿನ್ಗೋಸ್ಕರ ಬಳಿದೆ ಸೆಲ್ವಣ್ಣ," ಎಂದ ಕೋದಂಡಪ್ಪ.

ಗಿರಿ ಡಬ್ಬದ ಮೇಲಿನ ಮುದ್ರೆ ನೋಡಿದ. "ಇದು ಕಂಪ್ನಿ ಮಾಲು. ವಶಕ್ಕೆ ತಗೋಬೇಕು."

"ತಗೋಪ್ಪಾ," ಎಂದು ಕೋದಂಡಪ್ಪ ಡಬ್ಬ ಕೊಟ್ಟ.

"ಖಾಲಿ ಐತಲ್ಲ. ಮಾಲೆಲ್ಲಿ?"

"ಬಂಪರ್ ಮ್ಯಾಲೆ."

"ಅಂಗಾರೆ ಬಂಪರ್ ಬಿಚ್ಕೊಡಿ."

"ಬಂಪರ್ ನಮ್ದು ಕಣಪ್ಪಾ," ಎಂದಳು ಕದಿರಮ್ಮ. "ಗ್ರೀಸು ನಿಂದು. ಕೆರ್ಕೊಂಡು ಓಗು."

ಗಿರಿ ಯೋಚನೆ ಮಾಡಿದ. ಕೆರೆಯುವ ಕೆಲಸ ಅವನ ಗುತ್ತಿಗೆಯಲ್ಲಿ ಇರಲಿಲ್ಲ. ಆದರೆ ಬರೆದುಕೊಳ್ಳುವುದಿತ್ತು. ಮೆಟ್ಟಿಲ ಮೇಲೆ ಕೂತು ಪುಸ್ತಕ ತೆಗೆದ. 'ಗ್ರೀಸು, ಸುಮಾರು ಎರಡು ಕಿಲೋ, ಹಳೆಯದು, ಕೆಂಪು ಕಾರಿನ ಸುತ್ತ ಹರಡಿದ ಸ್ಥಿತಿಯಲ್ಲಿ' ಎಂದು ಒಂದೊಂದೇ ಅಕ್ಷರ ಗಟ್ಟಿಯಾಗಿ ಹೇಳಿಕೊಂಡು ಬರೆಯತೊಡಗಿದ. ನಿಧಾನದ ಹುಡುಗ.

ಅವನು ಬರೆಯುತ್ತಿದ್ದಾಗ ಚಿಕ್ಕವೆಂಕಟಮ್ಮ ಕಾರಿನ ಹತ್ತಿರ ಹೋದಳು. ಬಾಗಿಲಿನ ಪಟ್ಟಿಗೆ ಬೆರಳು ತಾಗಿಸಿ, ಮೂಸಿ, ಸೆರಗಿನ ತುದಿಗೆ ಒರೆಸಿಕೊಂಡಳು. ಮತ್ತೆ ತಾಗಿಸಿದಳು, ಮತ್ತೆ ಒರೆಸಿಕೊಂಡಳು. ಅವಳ ಹಿಂದೆ ಇನ್ನೂರ ಎಪ್ಪತ್ತಾರು ಹೋದ. ಅಂಗೈ ತುಂಬ ಬಳಿದುಕೊಂಡ. ಆಮೇಲೆ ಒಂಬೈನೂರ ಮೂರು. ಕೇಜು ಹತ್ತುವಾಗ ನಿಲ್ಲುತ್ತಿದ್ದ ಹಾಗೆ, ತಳ್ಳದೆ, ನೂಕದೆ, ಒಬ್ಬರ ಹಿಂದೆ ಒಬ್ಬರು ಹೋದರು. ಯಾರೂ ಅಳಲಿಲ್ಲ. ಮೂಸುವ ಸದ್ದು ಮಾತ್ರ. ಮೊಣಕಾಲು ಬಾರದವನನ್ನು ಇಬ್ಬರು ಹಿಡಿದು ಹಿಂದಿನ ಬಂಪರಿಗೆ ಬಗ್ಗಿಸಿದರು.

ಗಿರಿ ಬರೆದು ಮುಗಿಸಿ ತಲೆಯೆತ್ತಿದಾಗ ಬಂಪರಿನ ಮೇಲೆ ಗ್ರೀಸು ಇರಲಿಲ್ಲ. ಹಳೆಯ ಬೂದಿ ಬಣ್ಣ ಹೊರಗೆ ಬಂದಿತ್ತು. ಅದರ ಮೇಲೆ ನಲವತ್ತು ಜನರ ಬೆರಳಿನ ಗೀರು.

"ಮಾಲೆಲ್ಲಿ?" ಎಂದ ಗಿರಿ, ಎರಡನೆಯ ಸಲ.

ನಲವತ್ತು ಅಂಗೈಗಳು ಹಿಂದಕ್ಕೆ ಸರಿದವು.

ಸಾಕ್ಷಿಗೆ ಒಬ್ಬರು ಬೇಕಿತ್ತು. ಚಿಕ್ಕವೆಂಕಟಮ್ಮ ಮುಂದೆ ಬಂದು, ಇಂಕು ಪ್ಯಾಡು ಕೇಳದೆ, ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದಳು. ವಶಪಡಿಸಿಕೊಂಡ ಎರಡು ಕಿಲೋದಲ್ಲಿ ಕಂಪನಿಗೆ ದಕ್ಕಿದ್ದು ಅಷ್ಟೇ.

ಜನ ಒಬ್ಬೊಬ್ಬರಾಗಿ ಮನೆಗೆ ಹೋದರು. ಸೆಲ್ವರಾಜ್ ಹೋಗಿ ಟ್ರಂಕು ಎಳೆದು ತಂದ. ನಾನೂ ಒಂದು ಕಡೆ ಹಿಡಿದೆ. ಕಾರಿಗೆ ಹತ್ತುವ ಮೊದಲು ಜೇಬಿನಿಂದ ಏನೋ ತೆಗೆದು ನನ್ನ ಕೈಯಲ್ಲಿಟ್ಟ. ಹಿತ್ತಾಳೆ ಬಿಲ್ಲೆ. ಆರುನೂರ ಹನ್ನೆರಡು.

"ಕೊನೇ ದಿನ ಕೊಡೋಕೆ ಬಂದೆ," ಎಂದ. "ನೀನು ಕಿಟಕಿ ಮುಚ್ಬಿಟ್ಟಿದ್ದೆ."

ಮುಚ್ಚಿದ್ದೆ. ಆ ದಿನ ಕೊನೆಯ ತನಕ ಅಲ್ಲಿ ಕೂರಲು ನನ್ನಿಂದ ಆಗಿರಲಿಲ್ಲ. ಬಿಲ್ಲೆ ಬಂತು ಎಂದು ಹೇಳಬೇಕು, ಅದು ರೂಢಿ.

"ಬಂತು," ಎಂದೆ.

ಬಂಗಾರಪೇಟೆಯ ತನಕ ಮೂವರೂ ಮಾತಾಡಲಿಲ್ಲ. ಜೋಲುಬಿದ್ದ ಮೂಲೆ ಹಳ್ಳ ಬಂದಾಗಲೆಲ್ಲ ಚಕ್ರಕ್ಕೆ ಉಜ್ಜಿ ಅಷ್ಟಿಷ್ಟು ಮಾತಾಡಿತು. ರಾಧಾಮಣಿಯ ಮಾವ ಗೇಟಿನಲ್ಲೇ ನಿಂತಿದ್ದರು, ಅದೇ ಬಿಳಿ ಪಂಚೆ. ಕಾರನ್ನು ಮುಂದಿನಿಂದ ಹಿಂದಕ್ಕೆ ನೋಡಿದರು. ಕೋದಂಡಪ್ಪ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡ.

"ಗಾಡೀನ ಬಿಸಿಲಲ್ಲಿ ನಿಲ್ಲಿಸ್ಬೇಡಿ," ಎಂದರು ಅವರು. "ಬಣ್ಣ ಹೋಗ್ಬಿಡತ್ತೆ."

ಸೆಲ್ವರಾಜ್ ಗೇಟಿನ ಸರಳು ಹಿಡಿದು ಒಂದು ಗಳಿಗೆ ಉಸಿರು ಎಳೆದುಕೊಂಡ. ಕೋದಂಡಪ್ಪನೂ ನಾನೂ ಇಳಿಸಿದ ಟ್ರಂಕಿನ ಮೇಲಿಂದ ಕೈ ತೆಗೆಯಲಿಲ್ಲ, ವಾಪಸು ಏರಿಸಬೇಕಾಗುತ್ತದೇನೋ ಎಂದು.

"ಹೋಯ್ತು ಬಿಡಿ ಸಾರ್," ಎಂದು ಅವನು ಒಳಗೆ ಹೋದ. ಗೇಟಿನ ಬಿಳಿಯ ಸರಳಿನ ಮೇಲೆ ಐದು ಬೆರಳು ಕಪ್ಪಗೆ ಉಳಿದವು.

ನಾಲ್ಕು ದಿನ ಬಿಟ್ಟು ರಾಧಾಮಣಿ ನನಗೆ ಫೋನು ಮಾಡಿದಳು.

"ಮಾಮಾ, ಅಪ್ಪಾ ಊಟ ಮಾಡ್ತಾರೆ, ಮಾತ್ರೆ ತಗೋತಾರೆ, ಎಲ್ಲಾ ಸರಿ. ಎಡಗೈ ಮಾತ್ರ ತೊಳ್ಸಕ್ಕೆ ಬಿಡ್ತಿಲ್ಲ. ತಲೆದಿಂಬೆಲ್ಲಾ ಕಪ್ಪಾಗಿದೆ. ಆ ಕರೇಗೆ ಏನ್ ಹಾಕಿದ್ರೆ ಹೋಗತ್ತೆ?"

ಸೀಮೆಎಣ್ಣೆ. ಬಟ್ಟೆಗೆ ನಾಲ್ಕು ಹನಿ ಹಾಕಿ ಒರೆಸಿದರೆ ನಿಮಿಷದಲ್ಲಿ ಹೋಗುತ್ತದೆ. ಮೂವತ್ತು ವರ್ಷ, ಬಿಲ್ಲೆಗಳಿಂದ ಕೈಗೆ ಹತ್ತಿದ್ದನ್ನು, ನಾನೇ ಹಾಗೆ ಒರೆಸಿಕೊಂಡು ಮನೆಗೆ ಬಂದಿದ್ದೇನೆ.

"ಏನೂ ಆಕ್ಬ್ಯಾಡ ಮಗಾ," ಎಂದೆ. "ದಿನಾ ಒಂದ್ ಗಳಿಗೆ ಬಿಸ್ಲಾಗೆ ಕೂರ್ಸು. ತಾನೇ ಓಯ್ತದೆ."